ಖುಸ್ರೋ ಯಾರ ಕಡೆ ಹೆಸರು?

ಮೊನ್ನೆ ನೆಂಟರ ಮನೇಲಿ ನಾಮಕರಣ. ಕವ್ವಾಲಿ ಅಂದ್ರೆ ಪ್ರಾಣ ಬಿಡೋ ನಮ್ಮ ಚಿಕ್ಕಪ್ಪನ ಮಗ "ಖುಸ್ರೋ ಅಂತ ಇಡಿ, ಚೆನ್ನಾಗಿರುತ್ತೆ" ಅಂದ, ಅಲ್ಲಿದ್ದ ಹಿರಿಯರೊಬ್ರು "ಅದು ಆ ಕಡೆ ಹೆಸರು ಬಿಡಪ್ಪ" ಅಂತ ಮುಗಿಸಿಬಿಟ್ರು. ಅಷ್ಟೊತ್ತಿಗೆ ಎಲೆ ಹಾಕಿದ್ರು, ನನಗೆ ಮಾತಾಡೋಕಾಗ್ಲಿಲ್ಲ, ಆದ್ರೆ ಮನಸ್ಸು ತಡೀತಿಲ್ಲ.

ಋಗ್ವೇದದ 1ನೇ ಮಂಡಲದ 53ನೇ ಸೂಕ್ತದಲ್ಲಿ ಸುಶ್ರವಸ್ ಅಂತ ಒಬ್ಬ ಬರ್ತಾನೆ, ಇಪ್ಪತ್ತು ಜನ ರಾಜರು ಮೇಲೆ ಬಿದ್ದಾಗ ಬಂಧುಬಳಗ ಯಾರೂ ಇಲ್ಲದ ಅವನನ್ನ ಇಂದ್ರ ಕಾಪಾಡ್ತಾನೆ. ಸುಶ್ರವಸ್ ಅಂದ್ರೆ ಒಳ್ಳೇ ಕೀರ್ತಿ ಇರೋನು ಅಂತ ಅರ್ಥ. ಇದೇ ಹೆಸರಿನ ರಾಜ ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದಲ್ಲೂ ಇದಾನೆ, ಅಲ್ಲಿ ಹಓಸ್ರವಹ್. ಇಬ್ರೂ ಒಬ್ನೇ ಅಂತಲ್ಲ, ಹೆಸರು ಒಂದೇ. ನಮ್ಮ ಸ ಅವರಲ್ಲಿ ಹ ಆಗುತ್ತೆ: ಸಿಂಧು ಹಿಂದು ಆಗಿದ್ದು, ಸಪ್ತಕ್ಕೆ ಅವರು ಹಪ್ತ ಅನ್ನೋದು, ಎಲ್ಲಾ ಇದೇ ದಾರಿ. ಒಂದ್ಸಲ "ಸು" ಅಂತ ಎಳೀತಾ ಹಲ್ಲಿನ ಹತ್ರ ಇರೋ ನಾಲಿಗೇನ ಮೆಲ್ಲಗೆ ಕೆಳಗೆ ಬಿಡಿ, ಬರೀ ಉಸಿರು ಉಳಿಯುತ್ತೆ, "ಹು". ನಾವೂ ಹಳಗನ್ನಡದ ಪಾಲನ್ನ ಹಾಲು ಮಾಡ್ಕೊಂಡಿಲ್ವಾ, ಅದನ್ನ ಯಾರಾದ್ರೂ ಕೆಟ್ಟೋಯ್ತು ಅಂತಾರಾ?

ಇರಾನಿನ ಹಳೇ ಭಾಷೆ ಪಹ್ಲವಿಯಲ್ಲಿ ಹುಸ್ರವ್, ಆಮೇಲೆ ಫಾರ್ಸಿಯಲ್ಲಿ ಖುಸ್ರೋ. 531ರಿಂದ 579ರವರೆಗೆ ಇರಾನ್ ಆಳಿದ ಖುಸ್ರೋ ಅನೂಶಿರ್ವಾನ್ ಕಾಲದಲ್ಲೇ ನಮ್ಮ ಪಂಚತಂತ್ರದ ಕಥೆಗಳು ಪಹ್ಲವಿಗೆ ಹೋಗಿದ್ದು. ಗ್ರೀಕರ ಬಾಯಲ್ಲಿ ಖೊಸ್ರೋಯೆಸ್, ಅರಬರ ಬಾಯಲ್ಲಿ ಕಿಸ್ರಾ. ಅರಬರಿಗಂತೂ ಅದು ಒಬ್ಬ ರಾಜನ ಹೆಸರಾಗಿ ಉಳೀಲೇ ಇಲ್ಲ, ಇರಾನಿನ ರಾಜ ಅಂದ್ರೆ ಯಾರಾದ್ರೂ ಕಿಸ್ರಾನೇ, ಬಹುವಚನಾನೂ ಮಾಡ್ಕೊಂಡ್ರು, ಅಕಾಸಿರಾ ಅಂತ! ಬಾಗ್ದಾದ್ ಹತ್ರ ಬರೀ ಇಟ್ಟಿಗೇಲಿ ಕಟ್ಟಿದ ಆ ದೊಡ್ಡ ಕಮಾನಿಗೆ ಇವತ್ತಿಗೂ ತಾಕ್ ಕಿಸ್ರಾ ಅಂತಾನೇ ಹೆಸರು.

ಕವ್ವಾಲಿಗೆ ಹೆಸರಾದ ಕವಿ, ನಮ್ಮ ಅಮೀರ್ ಖುಸ್ರೋ 1253ರಲ್ಲಿ ಉತ್ತರಪ್ರದೇಶದ ಪಟಿಯಾಲಿಯಲ್ಲಿ ಹುಟ್ಟಿದ್ದು. ಮಲಿಕ್ ಕಾಫರ್ ದ್ವಾರಸಮುದ್ರದ ಮೇಲೆ, ಅಂದ್ರೆ ನಮ್ಮ ಹಳೇಬೀಡಿನ ಮೇಲೆ ದಂಡೆತ್ತಿ ಬಂದಿದ್ದನ್ನ ಫಾರ್ಸಿಯಲ್ಲಿ ಬರೆದಿಟ್ಟೋರೂ ಅವರೇ.

ಇನ್ನೊಂದು ವಾದಾನೂ ನನಗೆ ಒಪ್ಪಿಗೆ ಇಲ್ಲ, ಎಲ್ಲಾ ಸಂಸ್ಕೃತದಿಂದಾನೇ ಹೋಗಿದ್ದು, ಅವರು ಕೆಡಿಸಿಕೊಂಡ್ರು ಅನ್ನೋದು. ಸಂಸ್ಕೃತ, ಅವೆಸ್ತಾದ ಭಾಷೆ ಎರಡೂ ಇನ್ನೂ ಹಳೇ ಒಂದು ಭಾಷೆಯ ಮಕ್ಕಳು, ತಾಯಿ ಮಗಳಲ್ಲ, ಅಕ್ಕ ತಂಗಿ. ತಂಗಿ ಮನೇಲಿ ಬೆಳೆದ ಹೆಸರನ್ನ ಆ ಕಡೆದು ಅಂತ ತಳ್ಳೋದೂ ತಪ್ಪು, ನಮ್ಮ ಮನೆಯಿಂದ ಕದ್ದಿದ್ದು ಅನ್ನೋದೂ ತಪ್ಪು.

ಅಂದಹಾಗೆ ಆ ಮಗುಗೆ ಕೊನೆಗೆ ಸುಶ್ರುತ ಅಂತ ಇಟ್ರು. ಅದರಲ್ಲೂ ಅದೇ ಸು, ಅದೇ ಶ್ರು. ಮುಂದಿನ ಸಲ ಹೋದಾಗ ಆ ಹಿರಿಯರ ಪಕ್ಕ ಕೂತ್ಕೊಂಡು ಹೇಳ್ತೀನಿ.