ಓದದೆ ಒಪ್ಪಿದ್ದು, ಓದದೆ ತಳ್ಳಿದ್ದು

ಸಂಶೋಧನೆ ಮಾಡಿದವರು ಪ್ರಬಂಧ ಬರೆದು ಜರ್ನಲ್‌ಗೆ ಕಳಿಸಬೇಕು. ಅಲ್ಲಿ ಹೆಸರು ಹೇಳದ ಇಬ್ಬರೋ ಮೂವರೋ ತಜ್ಞರು, ಅಂದರೆ ರಿವ್ಯೂವರ್‌ಗಳು, ಅದರಲ್ಲಿ ತಪ್ಪು ಹುಡುಕುತ್ತಾರೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯ ಒಂದೇ ದಿನದಲ್ಲಿ ಮುಗಿಯುವ ದಾರಿ ಹಿಡಿಯಿತು. ಪತ್ರಿಕಾಗೋಷ್ಠಿ ಕರೆಯಿತು.

ಸ್ಟ್ಯಾನ್ಲಿ ಪಾನ್ಸ್ ಮತ್ತು ಮಾರ್ಟಿನ್ ಫ್ಲೈಶ್‌ಮನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲಿ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ತುಂಬಿ, ಪಲ್ಲಾಡಿಯಂ ಎಂಬ ಲೋಹ ಇಳಿಬಿಟ್ಟು, ಕರೆಂಟ್ ಹರಿಸಿದ್ದರು. ಸೂರ್ಯನ ಒಡಲಲ್ಲಿ ಕೋಟಿಗೂ ಜಾಸ್ತಿ ಡಿಗ್ರಿ ಬಿಸಿಯಲ್ಲಿ ಆಗುವ ಪರಮಾಣು ಬೀಜಗಳ ಸಮ್ಮಿಲನ (ಫ್ಯೂಷನ್) ತಮ್ಮ ಮೇಜಿನ ಮೇಲೆ ತಣ್ಣಗೇ ಆಯಿತು, ಹರಿಸಿದ ಕರೆಂಟಿಗಿಂತ ಹೆಚ್ಚು ಶಾಖ ಬಂತು ಎಂದರು. ಅದಕ್ಕೇ ಕೋಲ್ಡ್ ಫ್ಯೂಷನ್ ಎಂಬ ಹೆಸರು. ಅಷ್ಟು ಶಾಖ ನಿಜವಾಗಿ ನಮಗೆ ಗೊತ್ತಿರುವ ಸಮ್ಮಿಲನದಿಂದಲೇ ಬಂದಿದ್ದರೆ, ಜೊತೆಗೆ ಹೊಮ್ಮುವ ನ್ಯೂಟ್ರಾನ್‌ಗಳಿಗೆ ಪಕ್ಕದಲ್ಲಿ ನಿಂತವರು ಉಳಿಯುತ್ತಿರಲಿಲ್ಲ. ಇಬ್ಬರೂ ಆರೋಗ್ಯವಾಗಿ ಕ್ಯಾಮೆರಾ ಮುಂದೆ ಕೂತಿದ್ದರಲ್ಲ, ನನ್ನ ಮಟ್ಟಿಗೆ ಅದೇ ಮೊದಲ ರಿವ್ಯೂ ರಿಪೋರ್ಟು.

ಪ್ರಬಂಧವೂ ಬಂತು, ಏಪ್ರಿಲ್‌ನಲ್ಲಿ. ಅವಸರ ಎಷ್ಟಿತ್ತೆಂದರೆ ಜೊತೆಗೆ ದುಡಿದ ವಿದ್ಯಾರ್ಥಿಯ ಹೆಸರೇ ಬಿಟ್ಟುಹೋಗಿ, ಆಮೇಲೆ ತಿದ್ದುಪಡಿ ಹಾಕಬೇಕಾಯಿತು. ‘ನೇಚರ್’ ಪತ್ರಿಕೆಗೆ ಕಳಿಸಿದ್ದ ಇನ್ನೊಂದು ಪ್ರಬಂಧಕ್ಕೆ ರಿವ್ಯೂವರ್‌ಗಳು ಪ್ರಶ್ನೆ ಕೇಳಿದರು. ಉತ್ತರಿಸಲು ಪುರಸೊತ್ತಿಲ್ಲ ಎಂದು ಇವರು ಅದನ್ನೇ ವಾಪಸ್ ತೆಗೆದುಕೊಂಡರು. ಭಾರಜಲದ ಬದಲು ಸಾದಾ ನೀರು ಹಾಕಿ ನೋಡಿದಿರಾ ಅನ್ನುವಷ್ಟು ಸಣ್ಣ ಪ್ರಶ್ನೆಗೂ ಸರಿಯಾದ ಉತ್ತರ ಇರಲಿಲ್ಲ. ಜಗತ್ತಿನ ಇಂಧನ ಸಮಸ್ಯೆ ಬಗೆಹರಿಸಲು ಹೊರಟವರಿಗೆ ಒಂದು ಪಾತ್ರೆ ನೀರಿಗೆ ಟೈಮ್ ಎಲ್ಲಿರುತ್ತದೆ, ಅಲ್ವಾ? ಅತ್ತ ಯೂಟಾ ರಾಜ್ಯ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿತು. 50 ಲಕ್ಷ ಡಾಲರ್ ಕೊಟ್ಟು ರಾಷ್ಟ್ರೀಯ ಕೋಲ್ಡ್ ಫ್ಯೂಷನ್ ಸಂಸ್ಥೆ ಕಟ್ಟಿತು. 1991ರಲ್ಲಿ ಅದಕ್ಕೆ ಬೀಗ ಬಿತ್ತು.

ಈ ಅವಸರ ಅಂಟುರೋಗ. ಜಾರ್ಜಿಯಾ ಟೆಕ್ ಎಂಬ ಇನ್ನೊಂದು ಅಮೆರಿಕನ್ ವಿಶ್ವವಿದ್ಯಾಲಯದವರು ನಮಗೂ ನ್ಯೂಟ್ರಾನ್ ಸಿಕ್ಕಿತು ಎಂದು ಸಾರಿದರು. ಕೆಲವೇ ದಿನಗಳಲ್ಲಿ, ಅದು ನ್ಯೂಟ್ರಾನ್ ಅಲ್ಲ, ನಮ್ಮ ಮಾಪಕವೇ ಬಿಸಿಗೆ ಹಾಗಾಡುತ್ತದೆ ಎಂದು ಮಾತು ಹಿಂದಕ್ಕೆ ಪಡೆದರು. ಅಷ್ಟಾದರೂ ಒಪ್ಪಿಕೊಂಡರಲ್ಲ, ಭೇಷ್.

ಇಷ್ಟೆಲ್ಲ ಆದ ಮೇಲೆ ಜರ್ನಲ್‌ಗಳು ಎಚ್ಚೆತ್ತವು. ಎಷ್ಟೆಂದರೆ, ಶೀರ್ಷಿಕೆಯಲ್ಲಿ ಕೋಲ್ಡ್ ಫ್ಯೂಷನ್ ಅಂತ ಕಂಡರೆ ಸಾಕು, ಪ್ರಬಂಧ ರಿವ್ಯೂವರ್ ಕೈ ಸೇರದೆ ಸಂಪಾದಕರ ಮೇಜಿನಿಂದಲೇ ಹಿಂದಿರುಗತೊಡಗಿತು. ಸಂಭಾಷಣೆ ಹೀಗೆ ಸಾಗಿರಬೇಕು:

“ಯಾಕೆ ಸ್ವಾಮಿ ಹಾಕಲ್ಲ?”

“ಒಳ್ಳೆಯ ಜರ್ನಲ್‌ನಲ್ಲಿ ಬಂದ ಆಧಾರ ಇಲ್ಲ.”

“ಒಳ್ಳೆಯ ಜರ್ನಲ್‌ನಲ್ಲಿ ಯಾಕೆ ಬಂದಿಲ್ಲ?”

“ನಾವು ಹಾಕಲ್ವಲ್ಲ!”

ಹಾಗಂತ ಕೋಲ್ಡ್ ಫ್ಯೂಷನ್ ನಂಬಿದ ಬಡಪಾಯಿಗಳೇನೂ ಸುಮ್ನೆ ಕೂರಲಿಲ್ಲ. 1990ರಿಂದ ತಮ್ಮದೇ ಸಮ್ಮೇಳನ, 2007ರಿಂದ ತಮ್ಮದೇ ಜರ್ನಲ್. ಅಲ್ಲಿ ನನ್ನದನ್ನು ನೀವು ನೋಡಿ, ನಿಮ್ಮದನ್ನು ನಾನು ನೋಡುತ್ತೇನೆ. ಜಗಳವಿಲ್ಲ, ತಂಟೆಯಿಲ್ಲ. ಪ್ರಯೋಗ ಫಲಿಸಿದರೆ ಸಿದ್ಧಾಂತ ಸರಿ. ಫಲಿಸದಿದ್ದರೆ ಪಲ್ಲಾಡಿಯಂ ಸರಿಯಿಲ್ಲ. ಇಂಥ ಲೋಹ ನನಗೂ ಒಂದು ತುಂಡು ಬೇಕಿತ್ತು.

2004ರಲ್ಲಿ ಅಮೆರಿಕದ ಇಂಧನ ಇಲಾಖೆ 18 ತಜ್ಞರಿಂದ ಮತ್ತೆ ಪರಿಶೀಲನೆ ಮಾಡಿಸಿತು. ತೀರ್ಮಾನ ಹೆಚ್ಚುಕಡಿಮೆ ಅದೇ ಇಲಾಖೆ 1989ರಲ್ಲಿ ಮಾಡಿಸಿದ ಪರಿಶೀಲನೆಯದ್ದೇ: ಒಪ್ಪುವಂಥ ಪುರಾವೆ ಇಲ್ಲ. ಕೊನೆಗೆ ಗೂಗಲ್ 2015ರಲ್ಲಿ ದುಡ್ಡು ಹಾಕಿ, ಸದ್ದಿಲ್ಲದೆ, ಹಲವು ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡಿಸಿತು. ಪಲ್ಲಾಡಿಯಂಗೆ ಹೈಡ್ರೋಜನ್ ತುಂಬಿಸುವುದೇ ಎಷ್ಟು ಕಷ್ಟ ಅಂತ ಗೊತ್ತಾಯಿತು. ಸಮ್ಮಿಲನದ ಸುಳಿವು ಮಾತ್ರ ಸಿಗಲಿಲ್ಲ. 2019ರಲ್ಲಿ ‘ನೇಚರ್’ ಈ ವಿಷಯಕ್ಕೆ ಬಾಗಿಲು ತೆರೆದು ಇದನ್ನು ಪ್ರಕಟಿಸಿತು. ಅಂದರೆ ಕೋಲ್ಡ್ ಫ್ಯೂಷನ್ ಕಾಣಲಿಲ್ಲ ಎಂದು ಬರೆದವರಿಗೆ ಅಲ್ಲಿ ಜಾಗ ಸಿಕ್ಕಿತು.

ಆ ಪ್ರಬಂಧವನ್ನು ಓದಿ ನೋಡಿ ಎಂದು ಎರಡೂ ಕಡೆಯವರಿಗೆ ಕೊಟ್ಟರೆ ಏನಾಗುತ್ತದೆ ಅಂತ ಊಹಿಸಬಲ್ಲೆ. ನಂಬಿದವರು ಪಲ್ಲಾಡಿಯಂ ಎಲ್ಲಿಂದ ತಂದಿರಿ ಎಂದು ಕೇಳುತ್ತಾರೆ. ನಂಬದವರು ಮುಟ್ಟುವುದೂ ಇಲ್ಲ. ಅದರಲ್ಲಿ ಏನಿದೆ ಅಂತ ಅವರಿಗೆ 1989ರಲ್ಲೇ ಗೊತ್ತಿತ್ತಂತೆ.