ಕಾಫಿ ಬಣ್ಣದ ಪ್ಲಗ್ಗು

ಹಳೇ ಕಾರು ಇಟ್ಟುಕೊಂಡವರಿಗೆ ಸಲಹೆ ಕೊಡಲು ಯಾರಿಗೂ ಲೈಸೆನ್ಸ್ ಬೇಕಿಲ್ಲ. ಪೆಟ್ರೋಲ್ ನೂರು ದಾಟಿದ ಮೇಲಂತೂ ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಕೊಡತ್ತೆ?" ನಮ್ಮದು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಸಾಧನ) ಕಾಲದ ಮಾರುತಿ 800. ಇತ್ತೀಚೆಗೆ ಕೊಡುವುದು ಕಮ್ಮಿ ಮಾಡಿದೆ, ಕುಡಿಯುವುದು ಜಾಸ್ತಿ ಮಾಡಿದೆ. ಆಫೀಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ (ಬಾಯಿ ತೆರೆದು ಮಲಗಿದ್ದೆ, ಎದುರು ಮಾತಾಡುವ ಹಾಗಿರಲಿಲ್ಲ) ಅದೇ ಮಂತ್ರ: "ಪ್ಲಗ್ ಚೇಂಜ್ ಮಾಡ್ಸಿ. ಇರಿಡಿಯಂ ಹಾಕ್ಸಿ." ಪ್ಲಗ್ ಅಂದರೆ ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್; ಇರಿಡಿಯಂ ಅದರ ತುದಿಗೆ ಹಾಕುವ ದುಬಾರಿ ಲೋಹ.

ಸರಿ, ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋದೆ. ಪಾರ್ಕಿಂಗ್ ಹುಡುಕಿ ಸುತ್ತಿದ ಪೆಟ್ರೋಲ್ ಯಾರ ಲೆಕ್ಕಕ್ಕೂ ಇಲ್ಲ. ಅಂಗಡಿಯವರು ಕೌಂಟರ್ ಮೇಲೆ ಹರಡಿದರು: ಮಾಮೂಲಿ ನಿಕಲ್, ಪ್ಲಾಟಿನಂ, ಇರಿಡಿಯಂ, ಜೊತೆಗೆ ಕಿಡಿ ಹಾರಿ ಮುಟ್ಟುವ ಕಾಲು ಒಂದರ ಬದಲು ಮೂರಿರುವುದೊಂದು. "ಮೂರೂ ಕಡೆ ಕಿಡಿ ಹಾರತ್ತೆ ಸಾರ್!" ಹಾರುವುದಿಲ್ಲ. ಒಂದು ಸಲಕ್ಕೆ ಒಂದೇ ಕಾಲಿಗೆ ಹಾರುತ್ತದೆ. ಬ್ಯಾಂಕಿನಲ್ಲಿ ಮೂರು ಕೌಂಟರ್ ಇದ್ದು, ಮನುಷ್ಯ ಮಾತ್ರ ಒಂದರಲ್ಲೇ ಇರುವ ಹಾಗೆ. ಬಾಳಿಕೆ ಜಾಸ್ತಿ, ಅಷ್ಟೇ.

ಇರಿಡಿಯಂ ಕರಗಲು 2,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಾಗಾಗಿ ತುದಿ ಅರ್ಧ ಮಿಲಿಮೀಟರ್ ಆಸುಪಾಸಿದ್ದರೂ ಬೇಗ ಸವೆಯುವುದಿಲ್ಲ. ಕಿಡಿ ಹಾರಲು ಕಮ್ಮಿ ವೋಲ್ಟೇಜ್ ಸಾಕು. ಒಪ್ಪೋಣ. ಆದರೆ ಪೆಟ್ರೋಲಿಗೆ ಬೆಂಕಿ ಹೊತ್ತಿದರಾಯಿತು. ಹೊತ್ತಿಸಿದವರು ಎಷ್ಟು ದುಬಾರಿ ಅಂತ ಅದು ವಿಚಾರಿಸುವುದಿಲ್ಲ. ಹಳೇ ಪ್ಲಗ್ ಸವೆದು ಮೂರು ಸಿಲಿಂಡರಿನಲ್ಲಿ ಒಂದು ಆಗಾಗ ಕೈಕೊಡುತ್ತಿದ್ದರೆ, ಯಾವ ಹೊಸ ಪ್ಲಗ್ ಹಾಕಿದರೂ ಮೈಲೇಜ್ ಏರುತ್ತದೆ. ಮಾಮೂಲಿಯದೇ ತಂದೆ.

ಇದನ್ನೆಲ್ಲ ಮಹಡಿ ಮನೆ ಯಜಮಾನರಿಗೆ ಹೇಳುವವರು ಯಾರು? ಬೀದಿಯಲ್ಲಿ ಯಾರ ಬಾನೆಟ್ ಎದ್ದರೂ ಅವರು ಹಾಜರ್. ಮೆಕ್ಯಾನಿಕ್ ಹಳೇ ಪ್ಲಗ್ ಬಿಚ್ಚಿದ್ದೇ ತಡ, ಕಾಫಿ ಲೋಟ ಹಿಡಿದೇ ಕೆಳಗಿಳಿದರು. "ತುದಿ ಕಾಫಿ ಬಣ್ಣ ಇರಬೇಕು. ಕಪ್ಪಗಿದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರೆ ಗಾಳಿ ಜಾಸ್ತಿ." ಈ ಮಾತು ನಿಜವೇ, ಅದೇ ಸಿಟ್ಟು. ಆದರೆ ಯಾವ ಕಾಫಿ? ಅವರು ಪ್ಲಗ್ಗನ್ನು ತಮ್ಮ ಲೋಟದ ಪಕ್ಕ ಹಿಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಕಪ್ಪು ಅಂತ ತೀರ್ಪಾಯಿತು.

"ನಿಮ್ಮ ಕಾಫಿಗೆ ಹಾಲು ಜಾಸ್ತಿ ಆಗಿದೆ ಸಾರ್" ಎಂದ ಮೆಕ್ಯಾನಿಕ್.

"ಹಾಲು ಸರಿಯಾಗೇ ಇದೆ!" ಮಹಡಿಯಿಂದ ಹೆಂಗಸಿನ ದನಿ.

ನಮ್ಮ ಮನೆಯಿಂದ ಇನ್ನೊಂದು ಲೋಟ ಬಂತು. ನಮ್ಮಲ್ಲಿ ಡಿಕಾಕ್ಷನ್ ಗಟ್ಟಿ. ಅದರ ಪಕ್ಕ ಹಿಡಿದರೆ ಅದೇ ಪ್ಲಗ್ಗು ಬಿಳಿಚಿಕೊಂಡಿತು. ಈಗ ಗಾಳಿ ಜಾಸ್ತಿ! ಎರಡು ಮನೆಗಳ ಕಾಫಿಯ ನಡುವೆ ನನ್ನ ಕಾರ್ಬುರೇಟರಿನ ಸ್ಕ್ರೂ ಅತ್ತ ತಿರುಗಿತು, ಇತ್ತ ತಿರುಗಿತು. ಕೊನೆಗೆ ನಮ್ಮನೆ ಲೋಟದ್ದನ್ನು ಮೆಕ್ಯಾನಿಕ್ಕೇ ಕುಡಿದು, "ಇದು ಸ್ಟ್ರಾಂಗ್" ಎಂದ.

ಅಪ್ಪನ ಸ್ಕೂಟರಿಗೆ ಈ ಶಾಸ್ತ್ರವೆಲ್ಲ ಇರಲಿಲ್ಲ. ಟೂ ಸ್ಟ್ರೋಕ್ ಗಾಡಿ, ಪ್ಲಗ್ಗಿಗೆ ಆಯಿಲ್ ಮಸಿ ಹಿಡಿದು ನಿಲ್ಲುತ್ತಿತ್ತು. ಅಪ್ಪ ಡಿಕ್ಕಿಯಿಂದ ಪ್ಲಗ್ ಸ್ಪ್ಯಾನರ್ ತೆಗೆದು, ಉಪ್ಪುಕಾಗದದಲ್ಲಿ ತಿಕ್ಕಿ, ಉಫ್ ಅಂತ ಊದಿ ಹಾಕುತ್ತಿದ್ದರು. ಪ್ಲಗ್ ಮಾಡುತ್ತಿದ್ದ ಆಡುಗೋಡಿಯ ಮೈಕೋ ಕಂಪನಿ 2008ರಲ್ಲಿ ಬಾಷ್ ಆಯಿತು. ಅಪ್ಪನ ಬಾಯಲ್ಲಿ ಅದು ಕೊನೆವರೆಗೂ ಮೈಕೋ ಪ್ಲಗ್ಗೇ. ಮೈಲೇಜ್ ಕೇಳಿದವರಿಗೆ "ಮನೆ ಮುಟ್ಟಿಸತ್ತೆ" ಅನ್ನುತ್ತಿದ್ದರು. ಆ ಉತ್ತರ ಕೊಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಹೊಸ ಪ್ಲಗ್ ಹಾಕುವಾಗ ಗ್ಯಾಪ್ (ಕಿಡಿ ಹಾರುವ ಸಂದು) ನೋಡಪ್ಪಾ ಎಂದರೆ, ಅಳೆಯಲು ಮೆಕ್ಯಾನಿಕ್ ಜೇಬಿನಿಂದ ಮುರಿದ ಹ್ಯಾಕ್ಸಾ ಬ್ಲೇಡ್ ತೆಗೆದ. ಏರ್ ಫಿಲ್ಟರ್ ತಟ್ಟಿದರೆ ಅರ್ಧ ಬೆಂಗಳೂರೇ ಉದುರಿತು. ಕಾರ್ಬುರೇಟರ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ. ಅಂದರೆ ಹಾಲು ಜಾಸ್ತಿಯಿದ್ದ ಕಾಫಿಯ ತೀರ್ಪೇ ಸರಿ. ಇದನ್ನು ಅವರಿಗೆ ಹೇಳುವ ಉದ್ದೇಶ ನನಗಿಲ್ಲ.

ಫಿಲ್ಟರ್ ಬದಲಾಯಿತು, ಟೈರಿಗೆ ಗಾಳಿ ಬಿತ್ತು, ಮೈಲೇಜ್ ಸ್ವಲ್ಪ ಏರಿದೆ. ಯಜಮಾನರು ಈಗ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ: ನೋಡಿ, ನಾನು ಹೇಳಿದ ಮೇಲೆ ಇರಿಡಿಯಂ ಹಾಕಿಸಿದ್ರು.