ತಕ್ಕಡಿ ಎಲ್ಲಿಡೋಣ ಸ್ವಾಮಿ?

ಸರ್ಕ್ಯುಲರ್ ಎಕಾನಮಿ ಬಗ್ಗೆ ಸಂಶೋಧನಾ ತರಬೇತಿ ಇದೆ, ಬರುತ್ತೀರಾ ಅಂತ ಪತ್ರ ಬಂದಾಗ ನನಗೆ ಮೊದಲು ನೆನಪಾದದ್ದು ಸುತ್ತೋಲೆ. ಕಚೇರಿಗಳಲ್ಲಿ ಸರ್ಕ್ಯುಲರ್ ಅಂದರೆ ಅದೇ ತಾನೇ? ಮೇಲಿನಿಂದ ಹೊರಟು, ಎಲ್ಲರ ಸಹಿ ಹೊತ್ತು, ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಬಂದು ಫೈಲು ಸೇರುವ ಕಾಗದ. ಯಾರೂ ಓದಿರುವುದಿಲ್ಲ. ಆದರೆ ಸುತ್ತು ಮಾತ್ರ ಪೂರ್ತಿಯಾಗಿರುತ್ತದೆ. ಐದು ದಿನ ಕೂತು ಬಂದ ಮೇಲೆ ಹೇಳುತ್ತಿದ್ದೇನೆ, ನನ್ನ ಊಹೆ ಅಷ್ಟೇನೂ ತಪ್ಪಾಗಿರಲಿಲ್ಲ.

ಸರ್ಕ್ಯುಲರ್ ಎಕಾನಮಿ ಅಂದರೆ ವರ್ತುಲ ಆರ್ಥಿಕತೆ: ವಸ್ತುವನ್ನು ಬಿಸಾಡದೆ ಮತ್ತೆ ಮತ್ತೆ ಬಳಕೆಗೆ ತರಬೇಕು. ವಿಷಯ ಇಷ್ಟೇ. ಆದರೆ 2017ರಲ್ಲಿ ಮೂವರು ಸಂಶೋಧಕರು ಇದರ ವ್ಯಾಖ್ಯೆಗಳನ್ನು ಕಲೆಹಾಕಿ ನೋಡಿದಾಗ 114 ಸಿಕ್ಕವು. 2023ರಲ್ಲಿ ಅದೇ ಕೆಲಸ ಮತ್ತೆ ಮಾಡಿದಾಗ ಕೈಗೆ ಬಂದದ್ದು 221. ಈ ಕ್ಷೇತ್ರದಲ್ಲಿ ಒಂದು ಸಲ ಬಳಸಿದ್ದನ್ನು ಯಾರೂ ಮತ್ತೆ ಬಳಸದೆ ಹೊಸದನ್ನೇ ತಯಾರಿಸುವ ವಸ್ತು ಅಂದರೆ ಅದರ ವ್ಯಾಖ್ಯೆ.

ಕನ್ನಡದಲ್ಲಿ ಇನ್ನೊಂದು ಫಜೀತಿ ಇದೆ. ಬಾಟಲಿ ತೊಳೆದು ಮತ್ತೆ ನೀರು ತುಂಬಿದರೂ ಮರುಬಳಕೆ. ಅದನ್ನೇ ಪುಡಿ ಮಾಡಿ, ಕರಗಿಸಿ, ಬೇರೇನೋ ಮಾಡಿದರೂ ಮರುಬಳಕೆ. ಮೊದಲನೆಯದಕ್ಕೆ ಸಾಬೂನು ಸಾಕು. ಎರಡನೆಯದಕ್ಕೆ ಕಾರ್ಖಾನೆ ಬೇಕು, ಲಾರಿ ಬೇಕು, ಉದ್ಘಾಟನೆ ಬೇಕು. ಹಾಗಾಗಿ ವರದಿಗಳಲ್ಲಿ ಮರ್ಯಾದೆ ಎರಡನೆಯದಕ್ಕೇ ಜಾಸ್ತಿ.

ನಮಗೆ ಕೊಟ್ಟ ಚೀಲದ ಮೇಲೆ ಮರುಬಳಕೆಯ ಗುರುತು, ಆ ಮೂರು ಬಾಣದ ತ್ರಿಕೋನ ಇತ್ತು. ಅದನ್ನು ಬರೆದವನು 1970ರಲ್ಲಿ 23 ವರ್ಷದ ಅಮೆರಿಕನ್ ವಿದ್ಯಾರ್ಥಿ, ರಟ್ಟಿನ ಡಬ್ಬಿ ಕಂಪನಿಯೊಂದು ನಡೆಸಿದ ಸ್ಪರ್ಧೆಗೆ. 1988ರಲ್ಲಿ ಅಲ್ಲಿನ ಪ್ಲಾಸ್ಟಿಕ್ ಉದ್ಯಮದವರು ಬಾಣಗಳ ನಡುವೆ ಒಂದರಿಂದ ಏಳರವರೆಗೆ ನಂಬರ್ ಕೂರಿಸಿದರು. ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುವುದಷ್ಟೇ ನಂಬರಿನ ಕೆಲಸ. ಜನ ಮಾತ್ರ ಬಾಣ ನೋಡಿ, ಓಹೋ ಇದು ಸುತ್ತಿಕೊಂಡು ವಾಪಸು ಬರುತ್ತದೆ ಅಂತ ನೆಮ್ಮದಿಯಾಗಿ ಬಿಸಾಡಿದರು. ನಮ್ಮ ಚೀಲದ ಮೇಲಿದ್ದ ನಂಬರು ಏಳು. ಏಳು ಅಂದರೆ ‘ಇತರೆ’. ಅರ್ಜಿಯಲ್ಲಿ ಜಾಗ ಸಿಗದ್ದನ್ನೆಲ್ಲ ತುರುಕುವ ಆ ಕೊನೆಯ ಕಾಲಂ ಇರುತ್ತದಲ್ಲ, ಅದೇ.

ಇರಲಿ, ತರಬೇತಿಗೆ ಬರೋಣ. ಐದು ದಿನದ ಜೀವಾಳವೆಲ್ಲ ಒಂದೇ ಪ್ರಶ್ನೆಯಲ್ಲಿದೆ: ತಕ್ಕಡಿ ಎಲ್ಲಿಡಬೇಕು?

ಕಸ ಎತ್ತುವ ಲಾರಿ ಗೇಟಿಗೆ ಬಂದಾಗಲೇ ತೂಗಿದರೆ ಅಂಕಿ ದಪ್ಪಗಿರುತ್ತದೆ. ವಿಂಗಡಿಸಿದ ಮೇಲೆ ತೂಗಿದರೆ ಇಳಿಯುತ್ತದೆ, ಯಾಕೆಂದರೆ ಬೇಡದ್ದೆಲ್ಲ ಅಲ್ಲಿ ಉದುರುತ್ತದೆ. ತೊಳೆದು, ಲೇಬಲ್ಲು ಕಿತ್ತು, ಕರಗಿಸಿ, ಹೊಸ ಪ್ಲಾಸ್ಟಿಕ್ ಕಾಳು ಮಾಡಿದ ಮೇಲೆ ತೂಗಿದರೆ ಇನ್ನೂ ಇಳಿಯುತ್ತದೆ. ಕಸ ಅದೇ, ಲಾರಿ ಅದೇ, ಫಲಿತಾಂಶ ಮಾತ್ರ ಮೂರು. ಇದು ತಮಾಷೆ ಅಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಕೂಟ ಒಇಸಿಡಿಯ 2022ರ ವರದಿ ನೋಡಿ. ಜಗತ್ತಿನ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಗೆ ಅಂತ ಸಂಗ್ರಹವಾಗುವುದು 15%. ನಿಜಕ್ಕೂ ಆಗುವುದು 9%. ನಡುವಿನ ಆರು ಎಲ್ಲಿ ಹೋಯಿತು? ದಾರಿಯಲ್ಲಿ ಹೋಯಿತು. ಗೇಟಿನಲ್ಲೇ ತೂಗಿ ಮನೆಗೆ ಹೋದವರಿಗೆ ಆ ದಾರಿ ಕಾಣುವುದೇ ಇಲ್ಲ.

ಯುರೋಪಿನವರು ಶಿಸ್ತಿನ ಜನ, ಅವರಲ್ಲಿ ಹೀಗೆಲ್ಲ ಇರಲ್ಲ ಅಂದುಕೊಂಡಿದ್ದೆ. ಯುರೋಪಿಯನ್ ಒಕ್ಕೂಟ 2011ರಲ್ಲಿ ಸದಸ್ಯ ದೇಶಗಳಿಗೆ ಮರುಬಳಕೆ ಲೆಕ್ಕ ಹಾಕಲು ನಾಲ್ಕು ವಿಧಾನ ಕೊಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಅಂದಿತ್ತು. ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಉತ್ತರಿಸಿ ಅನ್ನುವ ಪ್ರಶ್ನೆಪತ್ರಿಕೆಯ ಹಾಗೆ. ಒಬ್ಬರು ಒಂದನೆಯದು ಬರೆದರು, ಇನ್ನೊಬ್ಬರು ನಾಲ್ಕನೆಯದು ಬರೆದರು, ಆಮೇಲೆ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿ ಯಾರು ಮೊದಲು ಅಂತ ನೋಡಿದರು. 2019ರಲ್ಲಿ ನಿಯಮ ಬಿಗಿಯಾಯಿತು. ವಿಂಗಡಿಸಿದ ಮೇಲೆ, ನಿಜವಾದ ಮರುಬಳಕೆ ಯಂತ್ರದ ಬಾಯಿಗೆ ಹಾಕುವ ಜಾಗದಲ್ಲಿ ತೂಗಬೇಕು ಅಂತಾಯಿತು. ಗಮನಿಸಿ, ಬಾಯಿಗೆ ಹಾಕುವಾಗ. ಹೊರಗೆ ಬಂದಾಗ ಅಲ್ಲ. 2035ರ ಹೊತ್ತಿಗೆ ಊರಿನ ಕಸದ ಮರುಬಳಕೆ 65% ಮುಟ್ಟಬೇಕೆಂಬ ಗುರಿ ಇರುವಾಗ ತಕ್ಕಡಿಯನ್ನು ಅಷ್ಟು ದೂರ ತಳ್ಳುವುದಕ್ಕೂ ಒಂದು ಮಿತಿ ಬೇಕಲ್ವಾ?

ಮೂರನೇ ದಿನ ಪ್ರಾಯೋಗಿಕ. ನಮ್ಮ ಶಿಬಿರದ ಕಸವನ್ನೇ ನಾವು ಅಳೆಯಬೇಕು. ನಮ್ಮ ತಂಡಕ್ಕೆ ಬಂದ ಫಲಿತಾಂಶ 104%. ಸೃಷ್ಟಿಸಿದ ಕಸಕ್ಕಿಂತ ಜಾಸ್ತಿ ಮರುಬಳಕೆ ಮಾಡಿಬಿಟ್ಟಿದ್ದೆವು! ನಾನು ತಲೆತಗ್ಗಿಸಿ ನಿಂತೆ. ತರಬೇತುದಾರರು ಬೆನ್ನು ತಟ್ಟಿದರು.

“ಗಾಬರಿ ಯಾಕೆ ಸರ್? ಛೇದ ನೋಡಿ, ಛೇದ.”

ಭಿನ್ನರಾಶಿಯಲ್ಲಿ ಮೇಲೆ ಅಂಶ, ಕೆಳಗೆ ಛೇದ. ಮೇಲಿನದು ಮರುಬಳಕೆ ಆದ ತೂಕ, ಕೆಳಗಿನದು ಒಟ್ಟು ಕಸ. ಡಬ್ಬಿ, ಕವರುಗಳ ವಿಷಯದಲ್ಲಿ ಕೆಳಗಿನ ಅಂಕಿಯನ್ನು ಯಾರೂ ತೂಗಿರುವುದಿಲ್ಲ. ಕಂಪನಿಗಳು ‘ನಾವು ಇಷ್ಟು ಮಾರುಕಟ್ಟೆಗೆ ಬಿಟ್ಟಿದ್ದೇವೆ’ ಅಂತ ಬರೆದುಕೊಟ್ಟದ್ದೇ ಎಷ್ಟೋ ಕಡೆ ಲೆಕ್ಕ. ಬರೆದುಕೊಡದವರ ಡಬ್ಬಿಯೂ ಬುಟ್ಟಿಗೇ ಬೀಳುತ್ತದೆ. ಮೇಲೆ ಸೇರುತ್ತದೆ, ಕೆಳಗೆ ಸೇರುವುದಿಲ್ಲ. ಜೊತೆಗೆ ನಮ್ಮ ರದ್ದಿ ಕಾಗದ ಮಳೆಯಲ್ಲಿ ಚೆನ್ನಾಗಿ ನೆಂದಿತ್ತು. ಅರ್ಧ ನೀರನ್ನೇ ನಾವು ಮರುಬಳಕೆ ಮಾಡಿದ್ದೆವು. ಕಾಗದಕ್ಕೆ ಮೆತ್ತಿದ ಕೊಳೆಯೂ ತೂಕಕ್ಕೆ ತೂಕವೇ. ಗೇಟಿನ ತಕ್ಕಡಿಗೆ ಇದೆಲ್ಲ ಸಾಧನೆ.

ಆಗ ಪಕ್ಕದ ತಂಡದ ಹುಡುಗಿಯೊಬ್ಬಳು ಕೈಯೆತ್ತಿದಳು. ಅವಳ ಗುಂಪಿನವರು ಮನೆಯಿಂದಲೇ ಬಾಟಲಿ ತಂದಿದ್ದರಂತೆ. ನೀರಿನ ಬಾಟಲಿ ಕೊಂಡಿಲ್ಲ, ಬಿಸಾಡಿಲ್ಲ. ಕಸ ತೀರಾ ಕಮ್ಮಿ. “ಸರ್, ನಮ್ಮ ಮರುಬಳಕೆ ದರ ಎಷ್ಟು?”

“ಕಡಿಮೆ ಬಂದಿದೆಯಮ್ಮ. ಒಳ್ಳೆ ಬಾಟಲಿಗಳಿದ್ದಿದ್ದರೆ ಅಂಶಕ್ಕೆ ಸೇರುತ್ತಿದ್ದವು. ನಿಮ್ಮ ಹತ್ತಿರ ಉಳಿದದ್ದೆಲ್ಲ ಬರೀ ಕೆಲಸಕ್ಕೆ ಬಾರದ ಕಸ. ಮುಂದಿನ ಸಲ ಸುಧಾರಿಸಿಕೊಳ್ಳಿ.”

ಅವರ ಮಾತು ಲೆಕ್ಕದ ಪ್ರಕಾರ ಸರಿಯೇ. ಕಸವನ್ನೇ ಮಾಡದವನಿಗೆ ಈ ಭಿನ್ನರಾಶಿಯಲ್ಲಿ ಮನೆಯೇ ಇಲ್ಲ, ಮೇಲೂ ಇಲ್ಲ, ಕೆಳಗೂ ಇಲ್ಲ. ಹತ್ತು ವರ್ಷ ಒಂದೇ ಕುರ್ಚಿಯ ಮೇಲೆ ಕೂತವನು ಸೋಮಾರಿ. ವರ್ಷಕ್ಕೊಂದು ಕುರ್ಚಿ ಮುರಿದು ಗುಜರಿಗೆ ಹಾಕಿದವನು ವರ್ತುಲ ಆರ್ಥಿಕತೆಯ ಆಧಾರಸ್ತಂಭ. ಇಂಥದ್ದನ್ನೆಲ್ಲ ಸರಿಯಾಗಿ ಅಳೆಯೋಣ ಅಂತ 2024ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಒಂದು ಮಾನದಂಡವನ್ನೇ ತಂದಿದೆ, ನಂಬರು 59020. ಒಳ್ಳೆಯ ಪ್ರಯತ್ನ, ತಮಾಷೆ ಮಾಡುವುದಿಲ್ಲ. ನಮ್ಮ ಶಿಬಿರದಲ್ಲಿ ಅದರ ಮುಖಪುಟ ಮಾತ್ರ ತೋರಿಸಿದರು.

ಕೊನೆಯ ದಿನ ಪ್ರಮಾಣಪತ್ರ ಕೊಟ್ಟರು. ಲ್ಯಾಮಿನೇಷನ್ ಮಾಡಿಸಿದ್ದರು. ಕಾಗದಕ್ಕೆ ಪ್ಲಾಸ್ಟಿಕ್ ಅಂಟಿದರೆ ಬಿಡಿಸುವುದು ಮಹಾ ಕಷ್ಟ, ಕಾಗದದ ಕಡೆಯವರೂ ಮುಟ್ಟುವುದಿಲ್ಲ, ಪ್ಲಾಸ್ಟಿಕ್ಕಿನವರೂ ಮುಟ್ಟುವುದಿಲ್ಲ ಅಂತ ಎರಡನೇ ದಿನ ಅವರೇ ಪಾಠ ಮಾಡಿದ್ದರು. ಬಹುಶಃ ಪ್ರಮಾಣಪತ್ರ ಬಿಸಾಡುವ ವಸ್ತುವಲ್ಲ ಅನ್ನುವ ನಂಬಿಕೆ ಇರಬೇಕು.

ಮೊನ್ನೆ ಶಿಬಿರದ ವರದಿ ಕೈ ಸೇರಿತು. ಮೊದಲ ದಿನ ಗೇಟಿನಲ್ಲಿ ಸಹಿ ಹಾಕಿದವರು 60. ಎರಡನೇ ದಿನ ಊಟದ ನಂತರ ಕೆಲವರು ಉದುರಿದರು. ಪ್ರಾಯೋಗಿಕದ ದಿನ ಮಳೆ ಅಂತ ಇನ್ನಷ್ಟು ಜನ. ಕೊನೆಯ ಉಪನ್ಯಾಸದಲ್ಲಿ ನಾನು ಎಣಿಸಿದಾಗ 17 ಜನ ಇದ್ದೆವು. ಅದರಲ್ಲಿ ಎಚ್ಚರ ಇದ್ದವರು ಎಷ್ಟು ಅನ್ನುವುದು ಬೇರೆ ಮಾತು. ನಾನಂತೂ ಸ್ವಲ್ಪ ತೂಕಡಿಸಿದ್ದೆ. ವರದಿಯಲ್ಲಿ ಹೀಗಿದೆ: ಬಂದವರು 60, ತರಬೇತಿ ಪಡೆದವರು 60, ಸಾಧನೆ 100%.

ಜೊತೆಗೇ ಒಂದು ಸುತ್ತೋಲೆ ಇತ್ತು. ಮುಂದಿನ ವರ್ಷದ ಶಿಬಿರಕ್ಕೆ ಹಳೆಯ ಶಿಬಿರಾರ್ಥಿಗಳಿಗೇ ಆದ್ಯತೆಯಂತೆ. ಓದಿದ್ದಕ್ಕೆ ಸಹಿ ಮಾಡಿ ವಾಪಸು ಕಳಿಸಿ ಅಂದಿದ್ದರು. ಓದದೆಯೇ ಸಹಿ ಮಾಡಿದೆ.